ಕಾಮಾಲೆ ಮದ್ದಿನ ಮನೆಯಲ್ಲಿ ಮೂರು ಡೋಸ್

ನನ್ನ ಕಣ್ಣು ಹಳದಿಯಾಗಿದೆ ಎಂದು ಮೊದಲು ಗುರುತಿಸಿದವನು ಬಸ್ ಕಂಡಕ್ಟರ್. 2003ರ ಫೆಬ್ರವರಿ, ಒಂದು ಶನಿವಾರ ಸಂಜೆ. ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಟಿಕೆಟ್ ಹರಿದು ಕೊಟ್ಟವನು ನನ್ನ ಮುಖ ನೋಡಿ ದನಿ ತಗ್ಗಿಸಿದ.

"ಮದ್ದಿಗೆ ಹೋಗ್ತಿದೀರೇನಮ್ಮಾ? ಸ್ಟಾಪ್ ಬಂದಾಗ ನಾನೇ ಕೂಗ್ತೀನಿ, ಆರಾಮಾಗಿ ಮಲಕ್ಕಳಿ. ನಾಳೆ ಬೆಳಿಗ್ಗೆ ಬರೀ ಹೊಟ್ಟೇಲಿರ್ಬೇಕು, ಗೊತ್ತಲ್ಲ?"

ನಾನು ಹೋಗುತ್ತಿದ್ದದ್ದು ಮದ್ದಿನ ಮನೆಗೇ. ಆದರೆ ನಾನು ಆ ಮನೆಯ ಸೊಸೆ. ಮಾರನೆಯ ಬೆಳಿಗ್ಗೆ ಮದ್ದು ಕೊಡಬೇಕಾದ ನನ್ನ ಗಂಡ ಲೋಕೇಶ್ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ಕಂಡಕ್ಟರ್ ಮುಂದೆ ಹೋದ ಮೇಲೆ ನನ್ನ ಕೆಳರೆಪ್ಪೆ ಎಳೆದು ನೋಡಿದರು. "ಹೌದಲ್ಲೇ!" ಎಂದರು. ಮದುವೆಯಾಗಿ ಒಂಬತ್ತು ತಿಂಗಳಾಗಿತ್ತು. ಊರವರ ಕಣ್ಣು ನೋಡಿ ಕಾಮಾಲೆ ಹೇಳುವವರು ಅವರು.

ಹೆಪಟೈಟಿಸ್ ಬಿ ಎಂದು ಬರೆದ ರಿಪೋರ್ಟ್ ಹಿಡಿದು ಈ ಹೊತ್ತು ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಯಾರಾದರೂ ಕೂತಿರಬಹುದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಧೈರ್ಯ ತುಂಬುವ ಮಾತು ನನ್ನಲ್ಲಿ ಹೆಚ್ಚಿಲ್ಲ. ನಡೆದದ್ದು ಮಾತ್ರ ಇದೆ. ಹೈಸ್ಕೂಲಿನಿಂದ ದಿನಚರಿ ಬರೆಯುವ ಅಭ್ಯಾಸ ನನಗೆ: ತಾರೀಖು, ಬಸ್ಸಿನ ವೇಳೆ, ಜ್ವರ ಎಷ್ಟು, ತೂಕ ಎಷ್ಟು, ಯಾರು ಏನಂದರು. ಹಾಗಾಗಿ ಮರೆತದ್ದು ಕಡಿಮೆ. ಮರೆತಿದ್ದರೆ ಒಳ್ಳೆಯದಿತ್ತು ಎನ್ನುವಂಥದ್ದೂ ಮರೆತಿಲ್ಲ.

ಲೋಕೇಶ್ ಮನೆಯವರಿಗೆ ಆ ಮದ್ದು ಮುತ್ತಜ್ಜನ ಕಾಲದ್ದು. ಯಾರೋ ಜಂಗಮರು ಉಂಡ ಮನೆಯ ಋಣಕ್ಕೆ ಹೇಳಿಕೊಟ್ಟದ್ದಂತೆ. ಭಾನುವಾರ ಬೆಳಿಗ್ಗೆ ಮಾತ್ರ ಕೊಡಬೇಕು. ದುಡ್ಡು ಮುಟ್ಟುವಂತಿಲ್ಲ. ವಾಸಿಯಾದವರು ಎಲೆಅಡಿಕೆ, ತೆಂಗಿನಕಾಯಿ ತಂದಿಟ್ಟು ಕೈಮುಗಿದು ಹೋಗುತ್ತಾರೆ. ಎಲೆ ಯಾವುದೆಂದು ಗಂಡುಮಗನಿಗೆ ಬಿಟ್ಟು ಯಾರಿಗೂ ಹೇಳುವಂತಿಲ್ಲ. ಮದ್ದು ಕುಡಿದ ಮೈಗೆ ಸೂಜಿ ಬೀಳಬಾರದು, ಬಿದ್ದರೆ ಮದ್ದು ವಿಷವಾಗುತ್ತದೆ. ಇದರ ಜೊತೆಗೆ ಇನ್ನೊಂದು ಕಟ್ಟು ಇತ್ತು: ಅರೆದ ಮದ್ದಿನ ಮೊದಲ ಗುಟುಕನ್ನು ಕೊಡುವವನೇ ಕುಡಿಯಬೇಕು. ಬಂದವರಿಗೆ ನಂಬಿಕೆ ಬರಲಿ ಎಂದು ಯಾವ ಕಾಲದಲ್ಲೋ ಮಾಡಿದ ಪದ್ಧತಿಯಿರಬೇಕು. ಲೋಕೇಶ್ ವಾರವಾರವೂ ಕುಡಿಯುತ್ತಿದ್ದರು. ಅಂದರೆ ಅವರದು ಯಾವತ್ತೂ ಮದ್ದು ಕುಡಿದ ಮೈ. ಯಾವತ್ತೂ ಸೂಜಿ ಬೀಳುವಂತಿಲ್ಲ. ಮಾವನವರು ತೀರಿಕೊಂಡ ಮೇಲೆ, ಹತ್ತೊಂಬತ್ತನೇ ವಯಸ್ಸಿನಿಂದ, ಅವರು ಒಂದು ಇಂಜೆಕ್ಷನ್ ತೆಗೆದುಕೊಂಡಿರಲಿಲ್ಲ. ಜ್ವರ ಬಂದರೆ ಮಾತ್ರೆ ನುಂಗುತ್ತಿದ್ದರು.

ಉಳಿದ ದಿನ ಅವರು ತುಮಕೂರಿನ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು. ಸದಾಶಿವನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಶನಿವಾರ ಕುಣಿಗಲ್ಲಿಗೆ ಹೋಗುವುದು, ಭಾನುವಾರ ಮಧ್ಯಾಹ್ನ ವಾಪಸ್ಸು. ಅಲ್ಲಿ ಅತ್ತೆ ಮತ್ತು ನಾದಿನಿ ಮಂಜುಳಾ ಇದ್ದರು. ಮಂಜುಳಾಗೆ ಆಗ ಇಪ್ಪತ್ತು.

ಆ ಭಾನುವಾರ ನಾನೂ ಸಾಲಿನಲ್ಲಿ ಕೂತೆ. ಅತ್ತೆ ನನ್ನನ್ನು ಎಲ್ಲರಿಗಿಂತ ಮುಂದೆ ಕೂರಿಸಿದರು. "ಮನೆ ಸೊಸೆಗೇ ಬಂದದೆ, ನೋಡ್ರಿ. ದೇವ್ರು ಪರೀಕ್ಷೆ ಮಾಡ್ತಾನೆ," ಎಂದು ಜಗಲಿಯ ತುಂಬ ಕೇಳಿಸುವಂತೆ ಹೇಳಿದರು. ಗಂಡನ ಕೈಯಿಂದ ಮದ್ದು ಕುಡಿದೆ. ಕುಣಿಗಲ್ಲಿನಲ್ಲೇ ಉಳಿದು ಮೂರು ಭಾನುವಾರ ಕುಡಿದೆ. ಉಪ್ಪಿಲ್ಲದ ಗಂಜಿ. ಮೂರನೆಯ ವಾರ ಗಂಜಿಯೂ ನಿಲ್ಲಲಿಲ್ಲ. ಉಗುರು, ಅಂಗೈ, ಹಾಸಿಗೆಯ ಮೇಲಿನ ಬಿಳಿ ಪಂಚೆ ಎಲ್ಲ ಹಳದಿ. ನನ್ನ ತವರು ಗುಬ್ಬಿಯಿಂದ ನೋಡಲು ಬಂದ ಅಪ್ಪ ಬಾಗಿಲಲ್ಲೇ ನಿಂತು, "ಇದೇನ್ ಲೋಕೇಶಪ್ಪ, ನನ್ ಮಗಳು ಅರಿಶಿನದ ಕೊಂಬಾಗವ್ಳಲ್ಲಪ್ಪ," ಎಂದರು. ಯಾರನ್ನೂ ಕೇಳದೆ ಆಟೋ ತಂದರು.

"ಆಸ್ಪತ್ರೆಗೆ ಹಾಕಿದ್ರೆ ಸೂಜಿ ಚುಚ್ತಾರೆ. ಮೂರು ವಾರದ ಮದ್ದು ವಿಷ ಆಯ್ತದೆ. ಮಗಳು ಬೇಕೋ ಬೇಡ್ವೋ ನೋಡ್ಕಳಿ," ಎಂದರು ಅತ್ತೆ.

"ಬೇಕು ಕಣವ್ವ, ಅದ್ಕೇ ಕರ್ಕೊಂಡೋಗ್ತಿರದು," ಎಂದರು ಅಪ್ಪ.

ತುಮಕೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆ. ಪಕ್ಕದ ಮಂಚದ ಅಜ್ಜಿ ನನ್ನ ಡ್ರಿಪ್ಪಿನ ಬಾಟಲಿ ಖಾಲಿಯಾಗುವುದನ್ನು ನನಗಿಂತ ಮೊದಲು ನೋಡಿ, "ಸಿಸ್ಟ್ರಮ್ಮಾ, ಹಳದಿ ಮಗೀದು ಮುಗೀತು!" ಎಂದು ಕೂಗುತ್ತಿದ್ದಳು. ಆ ವಾರ್ಡಿನಲ್ಲಿ ನನ್ನ ಹೆಸರು ಅದೇ ಆಗಿತ್ತು. ನನಗೆ ಹಿತವೆನಿಸಿತು. ವಾಸಿಯಾಗಿ ಹೊರಟಾಗ ಅತ್ತೆ ಬಂದು, "ಹೊಟ್ಟೇಲಿ ನಮ್ ಮದ್ದಿತ್ತು, ಅದ್ಕೇ ಉಳೀತು. ಇಲ್ದಿದ್ರೆ ಇವ್ರು ಚುಚ್ಚಿದ್ದಕ್ಕೆ ಹೋಗಿರೋದು," ಎಂದು ನರ್ಸಿಗೇ ಹೇಳಿದರು. ನರ್ಸ್ ನಕ್ಕು ಡ್ರಿಪ್ಪಿನ ಸ್ಟ್ಯಾಂಡು ಎಳೆದುಕೊಂಡು ಹೋದಳು.

ಡಿಸ್ಚಾರ್ಜಿಗೆ ಮೊದಲು ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ನನ್ನದು ಹೆಪಟೈಟಿಸ್ ಬಿ. ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ, ಆರು ತಿಂಗಳ ಮೇಲೆ ಮತ್ತೆ ನೋಡೋಣ ಎಂದರು. ಎಲ್ಲಿಂದ ಬಂತು ಎಂದು ಕೇಳಿದೆ. ಚಿಕ್ಕಂದಿನಲ್ಲಿ ಇಂಜೆಕ್ಷನ್ ಜಾಸ್ತಿ ತೆಗೆದುಕೊಂಡಿದ್ದೀರಾ ಎಂದು ಅವರು ಕೇಳಿದರು. ಗುಬ್ಬಿಯಲ್ಲಿ ಜ್ವರ ಅಂದರೆ ಇಂಜೆಕ್ಷನ್. ಒಂದೇ ಗಾಜಿನ ಸಿರಿಂಜು, ಸ್ಟೀಲ್ ಡಬ್ಬಿಯ ಬಿಸಿನೀರಿನಲ್ಲಿ ಅದ್ದಿ ಅದ್ದಿ ಎಲ್ಲರಿಗೂ. "ಇರಬಹುದು. ಬೇರೆಯೂ ಇರಬಹುದು. ಯಾರಿಂದ ಬಂತು ಅಂತ ಹೇಳೋಕಾಗಲ್ಲ, ಹುಡುಕೋಕೂ ಹೋಗಬೇಡಿ," ಎಂದರು. ಆಮೇಲೆ ಲೋಕೇಶ್ ಕಡೆ ತಿರುಗಿದರು.

"ನೀವು ರಕ್ತ ಪರೀಕ್ಷೆ ಮಾಡಿಸಿ. ನೆಗೆಟಿವ್ ಇದ್ರೆ ಲಸಿಕೆ, ಮೂರು ಡೋಸ್. ಇವತ್ತೊಂದು, ತಿಂಗಳು ಬಿಟ್ಟೊಂದು, ಆರನೇ ತಿಂಗಳಿಗೊಂದು. ಮನೆಯವರೆಲ್ಲ ಹಾಕಿಸ್ಕೊಳ್ಳಿ. ಆಮೇಲೆ ಗಂಡ ಹೆಂಡತಿ ಎಲ್ಲರ ಹಾಗೆ ಬಾಳಬಹುದು. ಊಟ, ತಟ್ಟೆ, ಲೋಟ ಇದರಿಂದ ಹರಡಲ್ಲ. ಅಲ್ಲಿವರೆಗೆ ಮಾತ್ರ ಹುಷಾರು."

ಹುಷಾರು ಎಂದರೆ ಏನೆಂದು ಚೀಟಿಯಲ್ಲಿ ಬರೆದುಕೊಟ್ಟರು. ಲೋಕೇಶ್ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. "ಆಯ್ತು ಮೇಡಂ," ಎಂದರು.

ಹೊರಗೆ ಬಂದು ಮೆಡಿಕಲ್ ಸ್ಟೋರಿನ ಮುಂದೆ ನಿಂತಾಗ ಹೇಳಿದರು: "ನಾನೆಂಗೆ ಚುಚ್ಚಿಸ್ಕೊಳ್ಲಿ ಹೇಳು? ಅದೂ ಕಾಮಾಲೇದು."

ಅವರ ಮಾತು ನನಗೆ ಅರ್ಥವಾಗಲಿಲ್ಲ ಎನ್ನಲಾರೆ. ಕಾಮಾಲೆಗೆ ಮದ್ದು ಕೊಡುವವನೇ ಕಾಮಾಲೆ ಬರದಿರಲೆಂದು ಆಸ್ಪತ್ರೆಯಲ್ಲಿ ಸಾಲು ನಿಂತರೆ ಜಗಲಿಗೆ ಯಾರು ಬರುತ್ತಾರೆ? ನೂರು ವರ್ಷದ ಮರ್ಯಾದೆ ಒಂದು ಸೂಜಿಗೆ ಹೋಗುತ್ತದೆ. "ಯಾರಿಗೂ ಹೇಳ್ಬೇಡಿ, ಹಾಕಿಸ್ಕೊಂಬಿಡಿ," ಎಂದೆ. "ಮದ್ದು ಕೊಡೋ ಕೈಗೆ ಗೊತ್ತಾಗುತ್ತಲ್ಲೇ," ಎಂದರು.

ಸದಾಶಿವನಗರದ ಮನೆಯಲ್ಲಿ ನನ್ನ ಹಾಸಿಗೆ ಹಾಲಿಗೆ ಬಂತು. ಹುಷಾರಾಗುವವರೆಗೆ ಎಂದರು. ಕುಣಿಗಲ್ಲಿನಲ್ಲಿ ಅತ್ತೆ ನನ್ನ ತಟ್ಟೆ ಲೋಟಕ್ಕೆ ಕೆಂಪು ಉಗುರುಬಣ್ಣದ ಬೊಟ್ಟು ಇಟ್ಟರು. "ನಿನ್ನ ಒಳ್ಳೇದಕ್ಕೇ ಕಣವ್ವ, ಕಲಬೆರಕೆ ಆಗ್ಬಾರ್ದು," ಎಂದರು. ತಟ್ಟೆಯಿಂದ ಹರಡುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. "ಆವಮ್ಮ ನಿನ್ ತಟ್ಟೇಲಿ ಉಂಡವ್ಳಾ?" ಎಂದರು. ಲೋಕೇಶರನ್ನು ನೋಡಿದೆ. ಅವರು ಉಣ್ಣುತ್ತಿದ್ದರು.

ಅಪ್ಪ ಅಮ್ಮನನ್ನು ಒಪ್ಪಿಸುವುದೂ ಸುಲಭವಾಗಲಿಲ್ಲ. ಅಪ್ಪನಿಗೆ ಗುಬ್ಬಿಯಲ್ಲಿ ಗೋಣಿಚೀಲದ ಅಂಗಡಿ. ಕೊಬ್ಬರಿ ಮಂಡಿಯವರೆಲ್ಲ ಅವರ ಗಿರಾಕಿಗಳು, ಮಾತಿನಲ್ಲಿ ಅವರನ್ನು ಸೋಲಿಸುವವರಿಲ್ಲ. ಸೂಜಿ ಅಂದರೆ ಮಾತ್ರ ಮಾತು ನಿಲ್ಲುತ್ತದೆ. ಎಮರ್ಜೆನ್ಸಿ ಕಾಲದಲ್ಲಿ ಸಂತಾನಹರಣ ಆಪರೇಷನ್ನಿನ ಜೀಪು ಬಂತೆಂದು ಇಡೀ ದಿನ ಅಟ್ಟದ ಮೇಲೆ ಕೊಬ್ಬರಿ ಕಾಯಿಗಳ ನಡುವೆ ಮಲಗಿದ್ದವರು. ಆಗ ಅವರಿಗೆ ಮದುವೆಯೂ ಆಗಿರಲಿಲ್ಲ. "ಸರ್ಕಾರದೋರು ಫ್ರೀಯಾಗಿ ಏನ್ ಚುಚ್ಚಿದ್ರೂ ಅನುಮಾನ ಪಡ್ಬೇಕು," ಎನ್ನುವುದು ಅವರ ಸಿದ್ಧಾಂತ. ಇದು ಫ್ರೀ ಅಲ್ಲ ಅಪ್ಪಾ, ದುಡ್ಡು ಕೊಡಬೇಕು ಎಂದೆ. ಸ್ವಲ್ಪ ಸಮಾಧಾನವಾಯಿತು.

ನಮ್ಮ ಬೀದಿಯ ಸರೋಜಮ್ಮ ಗುಬ್ಬಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನರ್ಸು. ಅವರ ಹತ್ತಿರ ಕರೆದುಕೊಂಡು ಹೋದೆ. ಅಪ್ಪ ಕಣ್ಣು ಮುಚ್ಚಿ, ನನ್ನ ಮಣಿಕಟ್ಟು ನೋಯುವಷ್ಟು ಗಟ್ಟಿಯಾಗಿ ಹಿಡಿದು ಕೂತರು.

"ಆಯ್ತು ಬಿಡಿ ಅಣ್ಣಾ."

"ಏನಾಯ್ತು? ಇಷ್ಟೇನಾ? ಇದಕ್ಕಾ ನಾನು ಆವತ್ತು ಉಚ್ಚೆ ತಡ್ಕೊಂಡು ಅಟ್ಟದಲ್ಲಿ ಮಲಗಿದ್ದು?"

"ಆವತ್ತು ಕೆಳಗಿಳಿದಿದ್ರೆ ಗೊತ್ತಾಗಿರೋದು ಅಣ್ಣಾ, ಅದು ತೋಳಿಗಲ್ಲ," ಎಂದರು ಸರೋಜಮ್ಮ. ಆ ವರ್ಷ ನಾನು ಬಾಯ್ತುಂಬ ನಕ್ಕದ್ದು ಅವತ್ತು.

ಅಮ್ಮನ ಕಾರಣ ಬೇರೆ. ಲಸಿಕೆ ಮಕ್ಕಳಿಗೆ, ಐವತ್ತು ದಾಟಿದವಳು ತೋಳು ಬಿಚ್ಚಿಕೊಂಡು ಕೂತರೆ ನೋಡಿದವರು ನಗುತ್ತಾರೆ ಎನ್ನುವುದು. ವರ್ಷದ ಹತ್ತಿರ ಮುಂದೂಡಿದಳು. ಈ ಕಾರಣಗಳನ್ನೆಲ್ಲ ಆಗ ನಾನು ಬರೆದಿಡುತ್ತಿದ್ದೆ. ತುಮಕೂರಿನಲ್ಲಿ ಎದುರುಮನೆಯ ಮೇಷ್ಟ್ರು, ಹಾಕಿಸಿಕೊಂಡ ಮೇಲೆ ಜ್ವರ ಬಂದರೆ ರಜೆ ಖರ್ಚಾಗುತ್ತದೆ ಎಂದರು. ನಮ್ಮ ಬಾಡಿಗೆ ಮನೆಯ ಓನರ್ ಹೆಂಡತಿ, "ಇಲ್ದಿರೋ ರೋಗಕ್ಕೆ ಯಾಕಮ್ಮ ಚುಚ್ಚಿಸ್ಕೊಳ್ಳದು, ಕರೆದಂಗಾಗಲ್ವಾ?" ಎಂದರು. ಮೂರ್ಖರು ಅಂತ ಯಾರನ್ನೂ ಬರೆಯಲಿಲ್ಲ. ನನಗೆ ಕಾಯಿಲೆ ಕೊಟ್ಟದ್ದೂ ಸೂಜಿಯೇ ಇರಬಹುದು ಎನ್ನುವುದು ನನ್ನ ನೆನಪಿನಲ್ಲಿತ್ತು.

ಸೆಪ್ಟೆಂಬರಿನಲ್ಲಿ ಎರಡನೆಯ ರಿಪೋರ್ಟ್ ಬಂತು. ಲ್ಯಾಬಿನ ಕಿಟಕಿಯಲ್ಲಿ ಹೆಸರು ಕೂಗುವ ಹುಡುಗಿ ನನ್ನ ಕವರನ್ನು ಎರಡು ಬೆರಳಿನಲ್ಲಿ ಹಿಡಿದು ಚಾಚಿದಳು. ತೆರೆಯುವ ಮೊದಲೇ ತಿಳಿಯಿತು. ಪಾಸಿಟಿವ್. ಉಳಿದುಬಿಟ್ಟಿದೆ. ಲಿವರ್ ಚೆನ್ನಾಗಿದೆ, ಆರು ತಿಂಗಳಿಗೊಮ್ಮೆ ತೋರಿಸುತ್ತಿರಿ, ಔಷಧಿ ಈಗ ಬೇಡ ಎಂದರು ಡಾಕ್ಟರಮ್ಮ. "ಯಜಮಾನ್ರಿಗೆ ಹಾಕಿಸಿದ್ರಾ?" ಎಂದು ಕೇಳಿದರು. ಇಲ್ಲ ಎಂದೆ.

ಅವತ್ತು ಸಂಜೆ ಅತ್ತೆ ಓನರ್ ಮನೆಗೆ ಫೋನ್ ಮಾಡಿದರು. ವಿಷಯ ಗೊತ್ತಾಗಿತ್ತು. "ನಮ್ ವಂಶದಲ್ಲಿ ಇದಿರ್ಲಿಲ್ಲ ಕಣವ್ವ. ನೀನು ತಂದಿದ್ದು. ಎಲ್ಲಿಂದ ಅಂತ ನಾನ್ ಕೇಳಲ್ಲ. ಇನ್ನೊಂದು ವರ್ಷ ನೋಡ್ತೀನಿ. ಒಂದು ಮಗೂನೂ ಇಲ್ಲ, ಒಟ್ಟಿಗೆ ಮಲಗೋದೂ ಇಲ್ಲ ಅಂದ್ರೆ ಅದನ್ನ ಸಂಸಾರ ಅಂತಾರಾ?" ಎಂದರು. ರಿಸೀವರ್ ಓನರ್ ಹೆಂಡತಿಯ ಕಿವಿಗೂ ಕೇಳುವಷ್ಟು ಜೋರಾಗಿತ್ತು.

ಆವತ್ತಿನಿಂದ ನನಗೆ ಬೇಕಾದದ್ದು ಒಂದೇ ಆಯಿತು: ಅವರ ತೋಳಿಗೆ ಮೂರು ಸಲ ಸೂಜಿ. ಆಮೇಲೆ ಹಾಲಿನ ಹಾಸಿಗೆ ಒಳಗೆ ಹೋಗುತ್ತದೆ, ಅತ್ತೆಯ ವರ್ಷದ ಗಡುವು ಸುಳ್ಳಾಗುತ್ತದೆ. ಸೋತು ಕೇಳಿದೆ, ಜಗಳ ಮಾಡಿ ಕೇಳಿದೆ. ಉತ್ತರ ಅದೇ.

2004ರ ಜನವರಿಯಲ್ಲಿ ಅವರ ಕಾಲೇಜಿನಲ್ಲೇ ಕಡಿಮೆ ದರದ ಲಸಿಕೆ ಕ್ಯಾಂಪು ನಡೆಯಿತು. ಬಾಗಿಲಲ್ಲಿ ಮೇಜು ಹಾಕಿಕೊಂಡು ಟೋಕನ್ ಬರೆಯುವ ಕೆಲಸ ಲೋಕೇಶರದ್ದು. ಮಂಜುಳಾ ಆಗ ನಮ್ಮ ಮನೆಗೆ ಬಂದಿದ್ದಳು. ಇಬ್ಬರೂ ಹೋದೆವು. ಸಾಲು ಅವರ ಮೇಜಿನಿಂದ ಗೇಟಿನವರೆಗೆ ಇತ್ತು. ಟೋಕನ್ ಕೊಟ್ಟು ಕೊಟ್ಟು ಅವರ ಬೆರಳಿಗೆಲ್ಲ ಶಾಯಿ.

"ಅಣ್ಣಾ, ನೀನು ಹಾಕಿಸ್ಕೊಂಡ್ರೆ ನಾನೂ ಹಾಕಿಸ್ಕೊಳ್ತೀನಿ," ಎಂದಳು ಮಂಜುಳಾ.

"ತಮಾಷೆ ಆಡ್ತಿದೀಯಾ? ನಮಗ್ಯಾಕೆ ಇದೆಲ್ಲ? ಕಾಫಿ ಕುಡ್ಕೊಂಡು ಮನೆಗೆ ಹೋಗಿ."

"ಅತ್ತಿಗೆಗೆ ಇದೆಯಲ್ಲ, ನಮಗೆ ಬರಲ್ವಾ?"

"ಮೆಲ್ಲಗೆ ಮಾತಾಡೇ!" ಎಂದರು. ಅವರ ಹಿಂದೆ ನಿಂತಿದ್ದ ಜವಾನ ನಗುತ್ತ, "ಮೇಡಂ, ಸಾರ್‌ದು ಬಿಡಿ, ಗರುಡನಿಗೆ ಹಾವು ಕಚ್ಚುತ್ತಾ?" ಎಂದ. ಲೋಕೇಶ್ ಕೂಡ ನಕ್ಕರು. ನಾವು ಕಾಫಿ ಕುಡಿದು ಮನೆಗೆ ಬಂದೆವು.

ಆ ವರ್ಷ ಆಗಸ್ಟಿನಲ್ಲಿ ಅಮ್ಮನ ಮೂರನೇ ಡೋಸಿಗೆ ಗುಬ್ಬಿಗೆ ಹೋಗಿದ್ದೆ. ನಗುವವರು ಯಾರೂ ಇರಬಾರದೆಂದು ಅಮ್ಮ ಮಧ್ಯಾಹ್ನದ ಹೊತ್ತು ಆರಿಸಿಕೊಂಡಿದ್ದಳು. ಸರೋಜಮ್ಮ ಹತ್ತಿ ಒತ್ತಿ ಹಿಡಿದುಕೊಂಡು ನನ್ನ ಕಡೆ ನೋಡಿ ಹೇಳಿದರು:

"ಅಂತೂ ನಿಮ್ಮನೆದೆಲ್ಲ ಮುಗೀತು ನೋಡು. ಅಪ್ಪಂದಾಯ್ತು, ನಿಮ್ಮನೆಯವರದಾಯ್ತು, ಈಗ ಅಮ್ಮಂದು."

"ನಮ್ಮನೆಯವರದಾ?"

"ಏಪ್ರಿಲ್‌ನಲ್ಲೇ ಮುಗೀತಲ್ಲ. ರಕ್ತನೂ ಇಲ್ಲೇ ಕೊಟ್ಟಿದ್ರು, ನೆಗೆಟಿವ್ ಬಂತು. ನಿನ್ ಮಾತು ಮೀರಲ್ಲ ಕಣೇ, ಪುಣ್ಯವಂತೆ. ನೀನೇ ಕಳಿಸಿದ್ದು ಅಂದ್ರು."

ಅಮ್ಮನ ಮುಖ ಅರಳಿತು. "ನೋಡ್ದಾ, ನಾನು ಹೇಳ್ಲಿಲ್ವಾ ಅಳಿಯಂದಿರು ಒಳ್ಳೇರು ಅಂತ," ಎಂದಳು. ನಾನು ಹೌದೆಂದೆ. ಸರೋಜಮ್ಮ ಯೋಚಿಸಿ ಹೇಳಿದ್ದು: ಮೊದಲನೆಯದು ಅಕ್ಟೋಬರಿನಲ್ಲಿ. ನನ್ನ ಎರಡನೆಯ ರಿಪೋರ್ಟ್ ಬಂದು ತಿಂಗಳಾಗಿರಲಿಲ್ಲ. ಎರಡನೆಯದು ನವೆಂಬರಿನಲ್ಲಿ. ಅಂದರೆ ಕ್ಯಾಂಪಿನ ಮೇಜಿನ ಹಿಂದೆ ಕೂತು ತಂಗಿಯನ್ನು ಮನೆಗೆ ಕಳಿಸಿದಾಗ ಅವರ ತೋಳಿಗೆ ಎರಡು ಡೋಸ್ ಬಿದ್ದಿತ್ತು.

ಅವತ್ತೇ ತುಮಕೂರಿಗೆ ವಾಪಸ್ಸಾದೆ. ಸಂಜೆ ಲೋಕೇಶ್ ಬಂದಾಗ ಅಡುಗೆಮನೆಯಲ್ಲಿ ನಿಂತಿದ್ದೆ. ಬೂಟು ಬಿಚ್ಚಲೂ ಬಿಡಲಿಲ್ಲ.

"ಗುಬ್ಬೀಲಿ ಮೂರೂ ಹಾಕಿಸ್ಕೊಂಡಿದೀರಂತೆ."

ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ. ಹೊಸಲಿನ ಮೇಲೆ ಕೂತರು.

"ಸರೋಜಮ್ಮ ಹೇಳಿದ್ರಾ?"

"ನನಗ್ಯಾಕೆ ಹೇಳ್ಲಿಲ್ಲ?"

"ನಿನಗೆ ಹೇಳಿದ್ರೆ ಬರೆದಿಡ್ತೀಯ. ನಮ್ಮಮ್ಮ ಬಂದಾಗ ಓದ್ತಾಳೆ."

ಅದಕ್ಕೆ ನಗು ಬಂದುಬಿಟ್ಟಿತು. ಅಳುವೂ ಬಂತು. "ಬರೀಬೇಡ ಅಂದಿದ್ರೆ ಬರೀತಿರ್ಲಿಲ್ಲ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನಾನು ಹಾಲಲ್ಲೇ ಮಲಗಿದೀನಿ. ಒಂದು ದಿನ ಒಳಗೆ ಬಾ ಅನ್ಬೋದಿತ್ತಲ್ರೀ."

ಬಹಳ ಹೊತ್ತು ಬೂಟಿನ ದಾರ ಬಿಚ್ಚಿದರು. "ಹಾಕಿಸ್ಕೊಂಡ ಮೇಲೂ ಭಯ ಹೋಗ್ಲಿಲ್ಲ ಕಣೇ," ಎಂದರು. "ಹೋಗುತ್ತೆ ಅಂದ್ಕೊಂಡಿದ್ದೆ."

ಅದು ನಿಜವಾದ ಮಾತು. ಅದೊಂದನ್ನು ಮೊದಲೇ ಹೇಳಿದ್ದರೆ ಇನ್ನೂ ಒಂದು ವರ್ಷ ಹಾಲಿನಲ್ಲಿ ಮಲಗುತ್ತಿದ್ದೆನೇನೋ.

"ಮಂಜುಳಂಗೆ ಯಾಕೆ ಬೇಡ ಅಂದ್ರಿ?"

"ಅವಳಿಗೆ ಗಂಡು ನೋಡ್ತಿದೀವಿ. ಯಾಕೆ ಹಾಕಿಸಿದ್ರಿ, ಮನೇಲಿ ಯಾರಿಗಿದೆ ಅಂತ ಕೇಳಲ್ವಾ ಅವರು?"

ಆ ವಾರವೂ ಕುಣಿಗಲ್ಲಿಗೆ ಹೋದೆವು. ಏನನ್ನೂ ತೀರ್ಮಾನಿಸಿಕೊಂಡು ಹೋದವಳಲ್ಲ ನಾನು. ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಇಪ್ಪತ್ತು ಜನರಿದ್ದರು. ಲೋಕೇಶ್ ಮಿಂದು ವಿಭೂತಿ ಹಚ್ಚಿಕೊಂಡು ಬಂದು ಮೊದಲ ಗುಟುಕು ಕುಡಿದರು. ಸಾಲಿನಲ್ಲಿ ಎರಡನೆಯವಳು ಒಬ್ಬ ಹೆಂಗಸು. ಜೊತೆಗೆ ಗಂಡ. ಗೋಡೆಗೆ ಒರಗಿ ಕೂತಿದ್ದ ಅವನಿಗೆ ಕತ್ತು ನಿಲ್ಲುತ್ತಿರಲಿಲ್ಲ. ಕಣ್ಣು ಒಡೆದ ಮೊಟ್ಟೆಯ ಹಾಗಿತ್ತು. ಆಸ್ಪತ್ರೆಯ ಮಂಚದಲ್ಲಿ ಕನ್ನಡಿ ಕೇಳಿ ನೋಡಿಕೊಂಡಾಗ ನನ್ನ ಕಣ್ಣೂ ಹಾಗೇ ಇತ್ತು.

"ಆಸ್ಪತ್ರೇಲಿ ಸೇರ್ಸು, ಗ್ಲೂಕೋಸ್ ಏರುಸ್ಬೇಕು ಅಂದ್ರು ಬುದ್ಧಿ. ಬ್ಯಾಡ ಅಂತ ಬರ್ಕೊಟ್ಟು ಓಡ್ಬಂದೋ."

"ಒಳ್ಳೇದು ಮಾಡಿದ್ರಿ," ಎಂದರು ಲೋಕೇಶ್. "ಸೂಜಿ ಮುಟ್ಟಿಸ್ಬೇಡಿ."

ದನಿ ಒಂದಿಷ್ಟೂ ನಡುಗಲಿಲ್ಲ. ನಾನು ಒಳಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದೆ. ಚೊಂಬನ್ನು ಕೆಳಗಿಟ್ಟೆ.

"ಅಕ್ಕಾ, ಇವ್ರು ಸೂಜಿ ಹಾಕಿಸ್ಕೊಂಡಿದಾರೆ. ಮೂರು ಸಲ. ಕಾಮಾಲೆ ಬರಬಾರ್ದು ಅಂತ, ಗುಬ್ಬೀಲಿ. ನಿಮ್ಮೆಜಮಾನ್ರನ್ನ ಈಗ್ಲೇ ವಾಪಸ್ ಆಸ್ಪತ್ರೆಗೆ ಕರ್ಕೊಂಡೋಗಿ. ನಾನೂ ಹಿಂಗೇ ಆಗಿದ್ದೆ. ಆಸ್ಪತ್ರೇಲೇ ಉಳ್ಕೊಂಡಿದ್ದು."

ಲೋಕೇಶ್ ಬಟ್ಟಲನ್ನೇ ನೋಡುತ್ತಿದ್ದರು. ಅತ್ತೆ ಒಳಗಿಂದ ಬಂದು ಮಗನ ಮುಖ ನೋಡಿದರು. ಅವರಿಗೆ ಅಷ್ಟೇ ಸಾಕಾಯಿತು. ಅವರ ಬಾಯಿಂದ ಮಾತು ಬರುವ ಮೊದಲೇ ಸಾಲಿನ ಕೊನೆಯಲ್ಲಿದ್ದ ಒಬ್ಬ ಮುದುಕ, ಅಳಿಯನಿಗೆ ವಾಸಿಯಾಯಿತೆಂದು ಕಾಯಿ ತಂದಿದ್ದವನು, ತೊಡೆ ತಟ್ಟಿದ.

"ಮೂರು ಸೂಜಿ ಬಿದ್ರೂ ನನ್ನಳಿಯಂಗೆ ವಾಸಿ ಮಾಡವ್ನಲ್ಲಪ್ಪಾ! ಅಂಗಾರೆ ಇದು ಸಾಮಾನ್ಯದ ಕೈ ಅಲ್ಲ ಬುಡು!"

ಜಗಲಿಯ ತುಂಬ ಹೌದು ಹೌದು ಎಂದರು. ಅತ್ತೆ ಆ ಹಗ್ಗವನ್ನು ತಕ್ಷಣ ಹಿಡಿದರು. "ನಮ್ ಕೈಗೆ ಏನ್ ಚುಚ್ಚಿದ್ರೂ ಏನೂ ಆಗಾಕಿಲ್ಲ ಕಣ್ರೀ. ನಿಮಗಾಯ್ತದೆ. ನೀವು ಚುಚ್ಚಿಸ್ಬೇಡಿ," ಎಂದರು. ಆ ಹೆಂಗಸು ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಗಂಡನ ಗದ್ದ ಹಿಡಿದು ಎತ್ತಿ, ಬಾಯಿ ತೆರೆಸಿದಳು. ಲೋಕೇಶ್ ಮದ್ದು ಹಾಕಿದರು.

ಮುಂದಿನ ಭಾನುವಾರ ಆ ಹೆಂಗಸು ಬರಲಿಲ್ಲವೆಂದು ಮಂಜುಳಾ ಆಮೇಲೆ ಹೇಳಿದಳು. ಅವನು ಆಸ್ಪತ್ರೆಗೆ ಹೋದನೋ, ವಾಸಿಯಾದನೋ, ಇನ್ನೇನಾಯಿತೋ ಗೊತ್ತಿಲ್ಲ. ಊರು ಯಾವುದೆಂದೂ ನಾನು ಕೇಳಿಕೊಂಡಿರಲಿಲ್ಲ.

ಜಗಲಿಯಲ್ಲಿ ಹಾಗಾದ ದಿನವೇ ಮಧ್ಯಾಹ್ನ ನಾನು ಗುಬ್ಬಿಗೆ ಹೊರಟೆ. ಬಸ್ ಸ್ಟ್ಯಾಂಡಿನವರೆಗೆ ಬ್ಯಾಗು ಹಿಡಿದು ಬಂದವಳು ಮಂಜುಳಾ. "ಅತ್ತಿಗೇ, ಗುಬ್ಬೀಲಿ ಸೂಜಿ ಹಾಕ್ತಾರೆ ಅಂದ್ರಲ್ಲ, ಅವ್ರು ಯಾವತ್ತು ಇರ್ತಾರೆ? ಅಣ್ಣಂಗೆ ಹೇಳ್ಬೇಡಿ," ಎಂದಳು. ಗೆಳತಿಯ ಮನೆಗೆ ಹೋಗುತ್ತೇನೆಂದು ಹೇಳಿ ಅವಳು ಗುಬ್ಬಿಗೆ ಬಂದುಹೋದಳು, ಮೂರು ಸಲ. ಈಗ ಅವಳಿಗೆ ಮದುವೆಯಾಗಿದೆ, ಬೇರೆ ಜಿಲ್ಲೆಯಲ್ಲಿದ್ದಾಳೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಇದೆಲ್ಲ ಆಗಿ ಮೂರು ವರ್ಷ. ಆರು ತಿಂಗಳಿಗೊಮ್ಮೆ ತುಮಕೂರಿಗೆ ಹೋಗಿ ರಕ್ತ ಕೊಡುತ್ತೇನೆ. ಬೆಂಚಿನ ಮೇಲೆ ಕಾಯುವುದು ಅಭ್ಯಾಸವಾಗಿದೆ. ಭಯ ಮಾತ್ರ ಪ್ರತಿ ಸಲವೂ ಹೊಸದಾಗಿ ಬರುತ್ತದೆ, ಕವರ್ ತೆರೆದ ಮೇಲೆ ಇಳಿಯುತ್ತದೆ. ಲಿವರ್ ಈವರೆಗೆ ಚೆನ್ನಾಗಿದೆ. ಅಪ್ಪನ ಅಂಗಡಿಯ ಲೆಕ್ಕ ನಾನೇ ಬರೆಯುತ್ತೇನೆ. ಆಯಾಸವಾದ ದಿನ ಚೀಲಗಳ ಅಟ್ಟಿಯ ಮೇಲೆ ಮಲಗುತ್ತೇನೆ. ಯಾರೂ ಎಬ್ಬಿಸುವುದಿಲ್ಲ.

ನಾನು ಹೊರಟು ಬಂದು ಎರಡು ತಿಂಗಳಾದ ಮೇಲೆ, ಒಂದು ಸಂತೆಯ ದಿನ, ಲೋಕೇಶ್ ಅಂಗಡಿಗೆ ಬಂದರು. ತೆಳ್ಳಗಾಗಿದ್ದರು. ಅಪ್ಪ ಕಾಫಿ ತರಿಸುತ್ತೇನೆಂದು ಹೊರಗೆ ಹೋದರು. ಲೋಕೇಶ್ ಚೀಲದ ಮೇಲೆ ಕೂತು ಕರ್ಚೀಫಿನಿಂದ ಮುಖ ಒರೆಸಿಕೊಂಡರು.

"ಅಮ್ಮ ಒಪ್ಪಿದಾಳೆ. ತಟ್ಟೆ ಲೋಟ ಎಲ್ಲ ಒಂದೇ ಅಂದಿದಾಳೆ. ಈಗ ಮುಚ್ಚಿಡೋದೇನೂ ಇಲ್ವಲ್ಲ. ನಂಗೂ ಭಯ ಕಡಿಮೆ ಆಗಿದೆ. ಬಾ."

ಹೋಗಬೇಕೆನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಬೇಡಿಕೊಂಡಿದ್ದ ಮಾತೆಲ್ಲ ಅದರಲ್ಲಿತ್ತು.

"ಮೊನ್ನೆ ಭಾನುವಾರ ಎಷ್ಟು ಜನ ಬಂದಿದ್ರು?" ಎಂದು ಕೇಳಿದೆ.

"ಮೂವತ್ತರ ಮೇಲೆ. ಮೊದಲಿಗಿಂತ ಜಾಸ್ತಿ ಬರ್ತಿದಾರೆ."

"ಸೂಜಿ ವಿಷಯ ಏನ್ ಹೇಳಿದ್ರಿ ಅವರಿಗೆ?"

ಬೇರೆ ಕಡೆ ನೋಡಲಿಲ್ಲ ಅವರು. ನನ್ನನ್ನೇ ನೋಡಿದರು.

"ಅದೇ ಹೇಳ್ದೆ. ಮುಟ್ಟಿಸ್ಬೇಡಿ ಅಂತ. ಇನ್ನೇನ್ ಹೇಳ್ಲಿ? ಅವರು ಅದನ್ನ ಕೇಳಿಸ್ಕೊಳ್ಳೋಕೇ ಅಷ್ಟು ದೂರದಿಂದ ಬರ್ತಾರೆ ಕಣೇ."

ಅಪ್ಪ ಕಾಫಿ ತಂದರು. ಕುಡಿದು ಲೋಟ ಕೆಳಗಿಟ್ಟು, "ಐದೂವರೆ ಬಸ್ಸಿಗೆ ಹೊರಡೋಣ್ವಾ?" ಎಂದರು ಲೋಕೇಶ್.

"ನೀವು ಹೊರಡಿ," ಎಂದೆ.